ಕಬ್ಬಿನ ಗದ್ದೆಯ ಕೆಳಗೆ



ಅರ್ಥ ತಿಳಿಯದ ಭಾಷೆಯ ಹಾಡೊಂದನ್ನು ತಾವು ಎಂದಾದರೂ ಮನಸಾರೆ ಹಾಡಿದ್ದುಂಟೇ? ನಮ್ಮ ಹಿರಿಯರು ಲತೀನ್ ಗೀತೆಗಳನ್ನು ಹಾಗೆಯೇ ಹಾಡುತ್ತಿದ್ದರು. ಒಂದು ಪದದ ಅರ್ಥವೂ ಗೊತ್ತಿರಲಿಲ್ಲ, ಆದರೆ ಒಂದು ಸ್ವರವೂ ತಪ್ಪುತ್ತಿರಲಿಲ್ಲ. ಧರ್ಮಕೇಂದ್ರದ ಗಾನವೃಂದದಲ್ಲಿ ಮೂವತ್ತು ವರ್ಷಗಳಿಂದ ಹಾರ್ಮೋನಿಯಂ ನುಡಿಸುತ್ತಾ ಬಂದಿರುವ ನನಗೂ, ರಾಗ ಸರಿಯಾಗಿ ಕೂತರೆ ಸಾಕು, ಅರ್ಥವು ತಾನಾಗಿಯೇ ಹಿಂದೆ ಬರುತ್ತದೆ ಎಂಬ ನಂಬಿಕೆಯಿತ್ತು. ಆ ನಂಬಿಕೆಯನ್ನು ಅಲುಗಾಡಿಸಿದ್ದು ಜಪಾನಿನ ಒಂದು ರಾಕ್ ಗೀತೆ. ಈ ವಯಸ್ಸಿನಲ್ಲಿ ಇವನಿಗೇಕೆ ರಾಕ್ ಸಂಗೀತ ಎಂದು ತಾವು ನಗಬಹುದು. ನಮ್ಮ ಮನೆಯಲ್ಲಿಯೂ ನಕ್ಕರು.

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಮಗಳು ಬಿಡುವಿನ ವೇಳೆಯಲ್ಲಿ ಜಪಾನಿ ಭಾಷೆ ಕಲಿಯುತ್ತಿದ್ದಳು. ತರಗತಿಯಲ್ಲಿ ಅಭ್ಯಾಸಕ್ಕೆಂದು ಹಾಡೊಂದನ್ನು ಬಾಯಿಪಾಠ ಮಾಡಿಸಿದ್ದರಂತೆ. ಕ್ರಿಸ್‌ಮಸ್ ರಜೆಗೆ ಬಂದವಳು ಕಲ್‌ಕಲ್ ಹೊಸೆಯುತ್ತಾ ಅದನ್ನೇ ಗುನುಗುತ್ತಿದ್ದಳು. ಆಮೇಲೆ ಫೋನಿನಲ್ಲಿ ಮೂಲ ಹಾಡನ್ನು ಕೇಳಿಸಿದಳು. ಮೊದಲಿಗೆ ತಂತಿವಾದ್ಯವೊಂದರ ಸಣ್ಣ, ಒಣ ಮೀಟು. ಆಮೇಲೆ ಡೋಲು, ಗಿಟಾರು. ಅವುಗಳ ನಡುವೆ ಒಬ್ಬ ಯುವಕನ ಏರುದನಿ. ಹಾಡಿನ ಹೆಸರು ‘ಶಿಮಾ ಉತಾ’. ದ್ವೀಪದ ಹಾಡು ಎಂದು ಅದರ ಅರ್ಥ. ರಚಿಸಿ ಹಾಡಿದವರು ಕಜುಫುಮಿ ಮಿಯಾಜಾವಾ. ಅವರ ತಂಡದ ಹೆಸರು ‘ದಿ ಬೂಮ್’.

ನಾನು ಹಾರ್ಮೋನಿಯಂ ತೆಗೆದು ಸ್ವರಗಳನ್ನು ಹುಡುಕಿದೆ. ಕೈಗೆ ಸಿಕ್ಕಿದ್ದು ಸ, ಗ, ಮ, ಪ, ನಿ. ರಿಷಭವಿಲ್ಲ, ದೈವತವಿಲ್ಲ. ಅಂತರ ಗಾಂಧಾರ, ಶುದ್ಧ ಮಧ್ಯಮ, ಕಾಕಲಿ ನಿಷಾದ. ಸಂಗೀತ ಬಲ್ಲ ಓದುಗರಿಗೆ ಈಗಾಗಲೇ ಹೊಳೆದಿರಬಹುದು: ಇವು ನಮ್ಮ ಗಂಭೀರನಾಟ ರಾಗದ ಐದು ಸ್ವರಗಳು. ಜಾತ್ರೆಯಲ್ಲಿ ದೇವರು ಹೊರಡುವಾಗ ನಾಗಸ್ವರದವರು ನುಡಿಸುವ ಮಲ್ಲಾರಿಯೂ ಇದೇ ರಾಗದ್ದು. ಸಾವಿರಾರು ಮೈಲಿ ದೂರದ ಒಕಿನಾವಾ ದ್ವೀಪಗಳ ಜನಪದ ಸಂಗೀತವು ಇದೇ ಸ್ವರಗಳ ಮೇಲೆ ನಿಂತಿದೆಯೆಂದು ಆಮೇಲೆ ತಿಳಿಯಿತು. ಆ ಸಂಜೆಯಂತೂ ನನಗೆ ಹಬ್ಬದ ಮೇಲೆ ಹಬ್ಬ. ಹಾಡು ಬಹಳ ಉಲ್ಲಾಸದ್ದೆಂದೇ ನಾನು ತೀರ್ಮಾನಿಸಿದೆ. ಯಾವುದೋ ಹುಡುಗ ಯಾವುದೋ ಹುಡುಗಿಯನ್ನು ಕಡಲತೀರದಲ್ಲಿ ನೆನೆಯುತ್ತಿರಬೇಕು ಎಂದುಕೊಂಡು ಮೂರು ತಿಂಗಳ ಕಾಲ ತೋಟದಲ್ಲಿ, ಜೀಪಿನಲ್ಲಿ, ಕೊನೆಗೆ ಬಚ್ಚಲಿನಲ್ಲಿಯೂ ಅದನ್ನೇ ಹಾಡಿಕೊಂಡೆ.

ಪಾಸ್ಖ ಹಬ್ಬಕ್ಕೆ ಮಗಳು ಮತ್ತೆ ಬಂದಳು. ನಮ್ಮ ಚಿಕ್ಕ ತೋಟದಲ್ಲಿ ಮೆಣಸಿನ ಬಳ್ಳಿ ಹಬ್ಬಿಸಿದ ಹಾಲಿವಾಣದ ಮರಗಳಿವೆ. ಕರಾವಳಿಯವರು ಅದನ್ನು ಪೊಂಗಾರೆ ಎನ್ನುತ್ತಾರೆ. ಬೇಸಿಗೆಯಲ್ಲಿ ಎಲೆಯೆಲ್ಲಾ ಉದುರಿ, ಬರಿಯ ಕೊಂಬೆಗಳ ತುದಿಯಲ್ಲಿ ಕೆಂಪು ಹೂವು ಬಿಡುವ ಮುಳ್ಳಿನ ಮರ. ಅದರ ಕೆಳಗೆ ನಿಂತು ಅವಳು, “ಅಪ್ಪಾ, ನಿಮ್ಮ ಹಾಡಿನ ಹೂವು ಇದೇ. ಅವರು ಇದನ್ನು ದೇಇಗೊ ಅಂತಾರೆ” ಎಂದಳು. ನನಗೆ ನಂಬಿಕೆಯಾಗಲಿಲ್ಲ. ಸಸ್ಯಶಾಸ್ತ್ರದ ಹೆಸರನ್ನು ಹುಡುಕಿ ತೋರಿಸಿದಳು; ಎರಡೂ ಒಂದೇ. ಒಕಿನಾವಾ ಪ್ರಾಂತದ ಅಧಿಕೃತ ಹೂವಾಗಿ 1967ರಲ್ಲಿ ಆಯ್ಕೆಯಾದ ದೇಇಗೊ, ನಾವು ಮೆಣಸಿನ ಬಳ್ಳಿಗೆ ಆಸರೆಯಾಗಲೆಂದು ಕೊಂಬೆ ಕಡಿದು ನೆಡುವ ಅದೇ ಹಾಲಿವಾಣ.

ಇಲ್ಲಿ ತೋಟಗಾರನ ಒಂದು ಮಾತು ನಡುವೆ ಬಂದರೆ ಮನ್ನಿಸಿ. 2005-06ರ ಸುಮಾರಿಗೆ ಕೇರಳ ಹಾಗೂ ಕರ್ನಾಟಕದ ತೋಟಗಳಲ್ಲಿ ಹಾಲಿವಾಣದ ಚಿಗುರೆಲ್ಲ ಗಂಟುಗಂಟಾಗಿ ಮುದುಡಿ ಮರಗಳು ಸಾಯತೊಡಗಿದ್ದು ತಮ್ಮಲ್ಲಿ ಹಲವರಿಗೆ ನೆನಪಿರಬಹುದು. ಕಣ್ಣಿಗೆ ಕಾಣಿಸದಷ್ಟು ಚಿಕ್ಕ ಕಣಜವೊಂದು ಎಲೆಯೊಳಗೆ ಮೊಟ್ಟೆಯಿಟ್ಟು ಮಾಡುವ ಹಾವಳಿ ಅದು. ಅದೇ ಕಣಜವು 2005ರಲ್ಲಿ ಒಕಿನಾವಾದ ದೇಇಗೊ ಮರಗಳನ್ನೂ ಹಿಡಿಯಿತು. ನಮ್ಮಲ್ಲಿ ಮೆಣಸು ಹೋಯಿತೆಂದು ಅತ್ತೆವು. ಅಲ್ಲಿ ಹೂವು ಹೋಯಿತೆಂದು ಅತ್ತರು. ನಮ್ಮ ತೋಟದಲ್ಲಿ ಉಳಿದದ್ದು ನಾಲ್ಕೇ ಮರ.

ಆ ನಾಲ್ಕರಲ್ಲಿ ಒಂದರ ಕೆಳಗೆ ಕುಳಿತು ಮಗಳು ಹಾಡಿನ ಅರ್ಥ ಹೇಳಿದಳು.

ಮೇಲ್ನೋಟಕ್ಕೆ ನಾನು ಊಹಿಸಿದ್ದು ಪೂರ್ತಿ ತಪ್ಪಾಗಿರಲಿಲ್ಲ. ಹೂವು ಅರಳುತ್ತದೆ, ಬಿರುಗಾಳಿ ಬರುತ್ತದೆ, ಕಬ್ಬಿನ ಗದ್ದೆಯಲ್ಲಿ ಜೊತೆಯಾಗಿದ್ದ ಇಬ್ಬರು ಅಗಲುತ್ತಾರೆ. ದೇಇಗೊ ಹೂವು ಅತಿಯಾಗಿ ಬಿಟ್ಟ ವರ್ಷ ಚಂಡಮಾರುತ ಜೋರು ಎಂಬ ನಂಬಿಕೆ ಆ ದ್ವೀಪಗಳಲ್ಲಿದೆ; ಆದ್ದರಿಂದ ಹೂವಿನ ಹಿಂದೆಯೇ ಗಾಳಿ ಬರುವುದು ಅಲ್ಲಿಯವರಿಗೆ ಸಹಜವಾದ ಮಾತು. ಆದರೆ ಈ ಬಿರುಗಾಳಿ ಬಂದದ್ದು 1945ರ ವಸಂತದಲ್ಲಿ. ಏಪ್ರಿಲ್ 1ರಂದು ಅಮೆರಿಕದ ಸೇನೆ ಒಕಿನಾವಾದ ಮುಖ್ಯ ದ್ವೀಪದಲ್ಲಿ ಇಳಿಯಿತು. ದೇಇಗೊ ಅರಳುವ ಕಾಲವದು. ಜೂನ್ 23ರ ವೇಳೆಗೆ ವ್ಯವಸ್ಥಿತ ಯುದ್ಧ ಮುಗಿದಾಗ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತಿದ್ದರು. ಸೈನ್ಯಕ್ಕೆ ಸೇರಿಸಲ್ಪಟ್ಟವರನ್ನೂ ಕೂಡಿಸಿದರೆ ಅವರಲ್ಲಿ 1,20,000ಕ್ಕೂ ಮಿಕ್ಕಿ ಒಕಿನಾವಾದವರೇ. ಸುಮಾರು ನಾಲ್ವರಲ್ಲಿ ಒಬ್ಬರು.

ಹಾಡಿನಲ್ಲಿ ಯುದ್ಧವೆಂಬ ಪದ ಎಲ್ಲಿಯೂ ಇಲ್ಲವೆಂದು ಮಗಳು ಹೇಳಿದಳು. ನಾನು ಮೂರು ತಿಂಗಳು ಬಚ್ಚಲಿನಲ್ಲಿ ಹಾಡಿಕೊಂಡದ್ದು ಅದನ್ನು.

ಆ ಬೇಸಿಗೆಯಲ್ಲಿ ನಾನು ಈ ಹಾಡಿನ ಬೆನ್ನು ಹತ್ತಿದೆ. ಓದಿ, ಮಗಳಿಂದ ಓದಿಸಿ ತಿಳಿದುಕೊಂಡದ್ದನ್ನು ತಮ್ಮೊಡನೆ ಹಂಚಿಕೊಳ್ಳುವೆ.

ಮಿಯಾಜಾವಾ ಒಕಿನಾವಾದವರಲ್ಲ. ಅವರು 1966ರಲ್ಲಿ ಹುಟ್ಟಿದ್ದು ಯಾಮಾನಾಶಿ ಪ್ರಾಂತದ ಕೋಫುವಿನಲ್ಲಿ. ಸುತ್ತಲೂ ಬೆಟ್ಟಗಳು, ಕಡಲಿನ ಸುಳಿವೇ ಇಲ್ಲದ ನಾಡು. ಟೋಕಿಯೋದಲ್ಲಿ ಗೆಳೆಯರೊಡನೆ ತಂಡ ಕಟ್ಟಿ 1989ರಲ್ಲಿ ಮೊದಲ ಧ್ವನಿಮುದ್ರಿಕೆ ತಂದರು. ಒಕಿನಾವಾ ಸಂಗೀತದ ಮೋಹಕ್ಕೆ ಒಳಗಾಗಿ 1991ರಲ್ಲಿ ಅಲ್ಲಿಗೆ ಹೋದವರು ದ್ವೀಪದ ದಕ್ಷಿಣದಲ್ಲಿರುವ ಹಿಮೆಯುರಿ ಶಾಂತಿ ಸಂಗ್ರಹಾಲಯಕ್ಕೆ ಕಾಲಿಟ್ಟರು.

ಆ ಸಂಗ್ರಹಾಲಯದ ಕಥೆಯನ್ನು ತುಸು ವಿವರವಾಗಿಯೇ ಹೇಳಬೇಕು. 1945ರ ಮಾರ್ಚ್ 23ರ ರಾತ್ರಿ ಎರಡು ಬಾಲಿಕಾ ವಿದ್ಯಾಲಯಗಳ 222 ವಿದ್ಯಾರ್ಥಿನಿಯರನ್ನೂ 18 ಮಂದಿ ಶಿಕ್ಷಕರನ್ನೂ ಜಪಾನ್ ಸೇನೆಯ ಆಸ್ಪತ್ರೆಗೆ ಶುಶ್ರೂಷೆಗೆಂದು ಕರೆದೊಯ್ಯಲಾಯಿತು. ಹುಡುಗಿಯರ ವಯಸ್ಸು ಹದಿನೈದರಿಂದ ಹತ್ತೊಂಬತ್ತು. ಆಸ್ಪತ್ರೆಯೆಂದರೆ ಗುಡ್ಡದಲ್ಲಿ ತೋಡಿದ ಸುರಂಗಗಳು. ಕೈಕಾಲು ಕತ್ತರಿಸುವಾಗ ಹಿಡಿದುಕೊಳ್ಳುವುದು, ಗುಂಡಿನ ಮಳೆಯಲ್ಲಿ ನೀರು ಮತ್ತು ಅನ್ನ ಹೊತ್ತು ತರುವುದು, ಸತ್ತವರನ್ನು ಹೂಳುವುದು ಅವರ ಕೆಲಸವಾಗಿತ್ತು. ಮೇ ತಿಂಗಳ ಕೊನೆಯಲ್ಲಿ ಸೇನೆ ದಕ್ಷಿಣಕ್ಕೆ ಹಿಮ್ಮೆಟ್ಟಿತು. ಹುಡುಗಿಯರೂ ಅದರ ಹಿಂದೆ ನಡೆದು ಅಲ್ಲಿನ ಸುಣ್ಣಕಲ್ಲಿನ ಗುಹೆಗಳನ್ನು ಹೊಕ್ಕರು. ಆ ಗುಹೆಗಳನ್ನು ಅಲ್ಲಿಯವರು ‘ಗಾಮಾ’ ಎನ್ನುತ್ತಾರೆ. ಜೂನ್ 18ರಂದು ಇದ್ದಕ್ಕಿದ್ದಂತೆ, ‘ನಿಮ್ಮ ದಳವನ್ನು ವಿಸರ್ಜಿಸಲಾಗಿದೆ, ಇನ್ನು ನಿಮ್ಮ ದಾರಿ ನಿಮಗೆ’ ಎಂಬ ಅರ್ಥದ ಆಜ್ಞೆ ಬಂತು. ಸುತ್ತಲೂ ಶತ್ರುಸೇನೆ. ಶರಣಾದರೆ ಶತ್ರುಗಳು ಚಿತ್ರಹಿಂಸೆ ಮಾಡುತ್ತಾರೆಂದು ಸೇನೆಯೇ ಅವರ ತಲೆಯಲ್ಲಿ ತುಂಬಿಟ್ಟಿತ್ತು. ಒಟ್ಟು 240 ಜನರಲ್ಲಿ 136 ಮಂದಿ ಸತ್ತರು; ಅವರಲ್ಲಿ ಬಹುಪಾಲು ಜನ ಸತ್ತಿದ್ದು ಆ ಆಜ್ಞೆಯ ನಂತರದ ಕೆಲವೇ ದಿನಗಳಲ್ಲಿ. ಬಿಡುಗಡೆಯ ಹೆಸರಿನಲ್ಲಿ ಬಂದ ಆ ಆಜ್ಞೆಯನ್ನು ಓದಿದಾಗ, ಹೆಣ್ಣುಮಕ್ಕಳ ತಂದೆಯಾದ ನನಗೆ ಪುಸ್ತಕ ಮುಚ್ಚಿಡಬೇಕಾಯಿತು.

ಬದುಕುಳಿದ ಹುಡುಗಿಯರು ಮುದುಕಿಯರಾದ ಮೇಲೆ, 1989ರಲ್ಲಿ, ತಮ್ಮ ಗೆಳತಿಯರು ಸತ್ತ ಗುಹೆಗಳಲ್ಲೊಂದರ ಬಾಯಿಯ ಪಕ್ಕದಲ್ಲಿಯೇ ಹಳೆಯ ವಿದ್ಯಾರ್ಥಿನಿಯರ ಸಂಘದವರೊಡನೆ ಸೇರಿ ಸಂಗ್ರಹಾಲಯ ಕಟ್ಟಿದರು. ಬಂದವರಿಗೆ ಅಲ್ಲಿ ತಾವೇ ನಿಂತು ನಡೆದದ್ದನ್ನು ಹೇಳುತ್ತಿದ್ದರು. ಮಿಯಾಜಾವಾ ಅವರಿಗೆ ಹಾಗೆ ಹೇಳಿದವರು ಒಬ್ಬ ಅಜ್ಜಿ. ಕೇಳಿಸಿಕೊಂಡು ಹೊರಗೆ ಬಂದರೆ ಬಿಸಿಲಿನಲ್ಲಿ ಕಬ್ಬಿನ ಗದ್ದೆ ಗಾಳಿಗೆ ಮೆಲ್ಲಗೆ ತೂಗುತ್ತಿತ್ತು. ಇಷ್ಟೆಲ್ಲ ನಡೆದಿದ್ದರೂ ತನಗೆ ಏನೂ ಗೊತ್ತಿರಲಿಲ್ಲವಲ್ಲ ಎಂದು ತಮ್ಮ ಮೇಲೆಯೇ ಅವರಿಗೆ ಸಿಟ್ಟು ಬಂತಂತೆ. ಆ ಅಜ್ಜಿ ಒಬ್ಬರಿಗೆ ಕೇಳಿಸಬೇಕೆಂಬ ಆಸೆಯಿಂದಲೇ ಈ ಹಾಡನ್ನು ಬರೆದೆನೆಂದು ಅವರು ಆಮೇಲೆ ಹೇಳಿದ್ದಾರೆ.

ಕಬ್ಬಿನ ಗದ್ದೆಯಲ್ಲಿ ಅಗಲುವ ಆ ಇಬ್ಬರು ಯಾರೆಂಬುದು ಆಗ ಬೇರೆಯಾಗಿ ಕಾಣತೊಡಗುತ್ತದೆ. ಒಕಿನಾವಾದಲ್ಲಿ ಗದ್ದೆಯ ಕೆಳಗೆ ಗುಹೆ. ಮೇಲೆ ಜೊತೆಯಾಗಿ ಆಡಿದ ಬಾಲ್ಯದ ಗೆಳೆಯರು ಕೆಳಗೆ ಗಾಮಾದೊಳಗೆ ಒಬ್ಬರ ಪ್ರಾಣವನ್ನು ಒಬ್ಬರು ತೆಗೆದುಕೊಂಡು ಅಗಲಿದ ಘಟನೆಗಳನ್ನು ಮಿಯಾಜಾವಾ ಈ ಭಾಗದಲ್ಲಿ ಅಡಗಿಸಿಟ್ಟಿದ್ದಾರೆ. ಇದು ಕವಿಯ ಕಲ್ಪನೆಯಲ್ಲ. ಸೆರೆ ಸಿಕ್ಕಬಾರದೆಂದು ಸೇನೆಯು ಜನಸಾಮಾನ್ಯರಿಗೆ ಕೈಬಾಂಬು ಹಂಚಿತ್ತು. ಯೊಮಿತಾನ್ ಎಂಬ ಊರಿನ ಚಿಬಿಚಿರಿ ಗುಹೆಯಲ್ಲಿ ಅಡಗಿದ್ದ ಸುಮಾರು 140 ಜನರಲ್ಲಿ 80ಕ್ಕೂ ಹೆಚ್ಚು ಮಂದಿ, ಅಮೆರಿಕನ್ನರು ಇಳಿದ ಮರುದಿನವೇ, ಹೀಗೆ ಸತ್ತರು. ತಾಯಂದಿರು ಮಕ್ಕಳನ್ನು ಕೊಂದರು. ಅದೇ ಊರಿನ ಇನ್ನೊಂದು ಗುಹೆಯಾದ ಶಿಮುಕುವಿನಲ್ಲಿ ಸುಮಾರು ಸಾವಿರ ಜನರಿದ್ದರು. ಅವರೊಳಗೆ ಹವಾಯಿಯಲ್ಲಿ ದುಡಿದು ಮರಳಿದ್ದ ಇಬ್ಬರು, ‘ಅಮೆರಿಕನ್ನರು ಹಾಗೆ ಕೊಲ್ಲುವವರಲ್ಲ’ ಎಂದು ಜನರಿಗೆ ತಿಳಿಹೇಳಿ, ತಾವೇ ಮುಂದಾಗಿ ಹೋಗಿ ಮಾತನಾಡಿದರು. ಅಲ್ಲಿದ್ದವರೆಲ್ಲ ಬದುಕಿ ಹೊರಬಂದರು. ಎರಡು ಗುಹೆಗಳ ನಡುವಿನ ಅಂತರ ಒಂದು ಮೈಲಿಯೂ ಇಲ್ಲ.

ಇನ್ನು ಹಾರ್ಮೋನಿಯಂ ನುಡಿಸುವವನಾಗಿ ನಾನು ಗಮನಿಸಲೇಬೇಕಾಗಿದ್ದ, ಆದರೆ ಗಮನಿಸದೇ ಹೋದ ಸಂಗತಿಯೊಂದಿದೆ. ಹಾಡೆಲ್ಲ ಒಕಿನಾವಾದ ಸ್ವರಗಳಲ್ಲಿ ಸಾಗುತ್ತದೆ. ಕಬ್ಬಿನ ಗದ್ದೆಯ ಆ ಭಾಗ ಬಂದಾಗ ಮಾತ್ರ ಆ ಸ್ವರಗಳನ್ನು ಬಿಟ್ಟು, ಜಪಾನಿನ ದೊಡ್ಡ ದ್ವೀಪಗಳಲ್ಲಿ ಬಳಕೆಯಲ್ಲಿರುವ ಸ್ವರಶ್ರೇಣಿಗೆ ಹೊರಳುತ್ತದೆ. ಇದು ಮಿಯಾಜಾವಾ ಬೇಕೆಂದೇ ಮಾಡಿದ್ದು. ಆ ಸಾವುಗಳನ್ನು ಒಕಿನಾವಾದ ಮೇಲೆ ಹೇರಿದ್ದು ಹೊರಗಿನವರಾದ ತಾವು. ಹಾಗಿರುವಾಗ ಆ ಜನರ ಸ್ವರಗಳನ್ನು ಅಲ್ಲಿ ಬಳಸಲು ತಮಗೆ ಮನಸ್ಸು ಬಾರದೆ ಹೋಯಿತೆಂದು ಅವರು ವಿವರಿಸಿದ್ದಾರೆ. ಕ್ರಿಸ್‌ಮಸ್ ದಿನಗಳಲ್ಲಿ ಇದನ್ನು ನುಡಿಸುವಾಗ ಆ ಜಾಗಕ್ಕೆ ಬಂದೊಡನೆ ನನ್ನ ಬೆರಳು ತಡವರಿಸುತ್ತಿತ್ತು. ‘ಇದೇನು, ರಾಗ ಕೆಡಿಸಿಬಿಟ್ಟನಲ್ಲ’ ಎಂದುಕೊಂಡು ನಾನೇ ಅದನ್ನು ಗಂಭೀರನಾಟಕ್ಕೆ ತಿದ್ದಿ ನುಡಿಸಿದ್ದೆ! ತಪ್ಪೊಪ್ಪಿಗೆಯ ಕಾಲವೆಂದು ತಿಳಿದು ಇದನ್ನೂ ಬರೆದಿದ್ದೇನೆ.

ಒಕಿನಾವಾ ಮತ್ತು ಉಳಿದ ಜಪಾನಿನ ಸಂಬಂಧ ತಿಳಿಯದಿದ್ದರೆ ಈ ಸಂಕೋಚ ಅರ್ಥವಾಗದು. 1879ರವರೆಗೆ ಅದು ರ್‍ಯೂಕ್ಯೂ ಎಂಬ ಬೇರೆಯೇ ರಾಜ್ಯ. ಆ ವರ್ಷ ಜಪಾನ್ ಅದನ್ನು ತನ್ನ ಪ್ರಾಂತವನ್ನಾಗಿ ಮಾಡಿಕೊಂಡಿತು. ಆಮೇಲಿನ ಶಾಲೆಗಳಲ್ಲಿ ಮನೆಮಾತು ಆಡಿದ ಮಕ್ಕಳ ಕೊರಳಿಗೆ ಮರದ ಹಲಗೆಯೊಂದನ್ನು ನೇತುಹಾಕುತ್ತಿದ್ದರು. ಕನ್ನಡ ಆಡಿದ್ದಕ್ಕೆ ದಂಡ ತೆತ್ತು ಓದಿದ ನಮ್ಮ ತಲೆಮಾರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಯುದ್ಧದ ಕಾಲದಲ್ಲಂತೂ ಒಕಿನಾವಾ ನುಡಿ ಆಡುವವರನ್ನು ಗೂಢಚಾರರೆಂದು ಪರಿಗಣಿಸಬೇಕೆಂದು ಸೇನೆಯೇ ಆಜ್ಞೆ ಹೊರಡಿಸಿತು. ಯುದ್ಧದ ಬಳಿಕ 1972ರ ಮೇ 15ರವರೆಗೆ ಆ ದ್ವೀಪಗಳು ಅಮೆರಿಕದ ಆಡಳಿತದಲ್ಲಿದ್ದವು. ಇಂಥ ನಾಡಿನ ನೋವನ್ನು ಟೋಕಿಯೋದ ಒಬ್ಬ ರಾಕ್ ಗಾಯಕ, ಅವರದೇ ವಾದ್ಯ ಹಿಡಿದು ಹಾಡುವುದೆಂದರೆ?

ಮಿಯಾಜಾವಾ ಬಹಳ ಹಿಂಜರಿದರು. ಒಕಿನಾವಾದ ಹೆಸರಾಂತ ಗಾಯಕ ಶೋಕಿಚಿ ಕಿನಾ ಅವರ ಬಳಿ ಹೋಗಿ ತಮ್ಮ ಅಳುಕನ್ನು ತೋಡಿಕೊಂಡರು. ಆತ್ಮದವರೆಗೆ ಅನುಕರಿಸಿದರೆ ಅದು ಅನುಕರಣೆಯಾಗಿ ಉಳಿಯುವುದಿಲ್ಲ ಎಂಬ ಅರ್ಥದಲ್ಲಿ ಕಿನಾ ಅವರಿಗೆ ಧೈರ್ಯ ಹೇಳಿದರಂತೆ. 1992ರ ಜನವರಿಯಲ್ಲಿ ಹಾಡು ತಂಡದ ಒಂದು ಆಲ್ಬಮ್‌ನಲ್ಲಿ ಬಂತು. ಅದೇ ವರ್ಷದ ಡಿಸೆಂಬರಿನಲ್ಲಿ ಒಕಿನಾವಾ ನುಡಿಯ ಆವೃತ್ತಿಯೊಂದು ಸಿಂಗಲ್ ಧ್ವನಿಮುದ್ರಿಕೆಯಾಗಿ ಹೊರಬಂತು. ಅದು ಮೊದಲು ಜನಪ್ರಿಯವಾದದ್ದು ಆ ದ್ವೀಪದಲ್ಲಿಯೇ. ಮೂಲ ಆವೃತ್ತಿಯು 1993ರ ಜೂನ್ 21ರಂದು ಸಿಂಗಲ್ ಆಗಿ ಬಿಡುಗಡೆಯಾಯಿತು. ಯುದ್ಧ ಮುಗಿದ ದಿನಕ್ಕೆ ಎರಡು ದಿನ ಮೊದಲು. ಅದರ ಸುಮಾರು 15 ಲಕ್ಷ ಪ್ರತಿಗಳು ಮಾರಾಟವಾದವು. ಆ ವರ್ಷಾಂತ್ಯದ ರಾತ್ರಿ, ಜಪಾನಿನ ಮನೆಮನೆಯೂ ನೋಡುವ ಕೋಹಾಕು ಎಂಬ ದೂರದರ್ಶನ ಸಂಗೀತ ಕಾರ್ಯಕ್ರಮದಲ್ಲಿ ತಂಡ ಅದನ್ನು ಹಾಡಿತು.

ಎಲ್ಲರೂ ಮೆಚ್ಚಿದರೆಂದು ತಿಳಿಯಬೇಡಿ. ಹೊರಗಿನವನು ನಮ್ಮದನ್ನು ಎತ್ತಿಕೊಂಡು ಹೆಸರು ಮಾಡಿದನೆಂದು ಒಕಿನಾವಾದಲ್ಲಿ ಕೆಲವರು ಮುನಿದರು. ‘ಶಿಮಾ ಉತಾ’ ಎಂಬ ಹೆಸರು ನಿಜದಲ್ಲಿ ಇನ್ನೂ ಉತ್ತರದ ಅಮಾಮಿ ದ್ವೀಪಗಳ ಜನಪದ ಗೀತೆಗಳದ್ದು ಎಂಬುದೂ ನಿಜವೇ. ನನ್ನ ಅನಿಸಿಕೆ ಕೇಳುವಿರಾದರೆ, ಮುನಿದವರಲ್ಲಿ ನ್ಯಾಯವಿತ್ತು. ನಮ್ಮ ಕೇರಿಯ ಹಾಡನ್ನು ಸಿನಿಮಾದವರು ಎತ್ತಿಕೊಂಡಾಗ ನಮಗೂ ಉರಿಯುತ್ತದೆ. ಆದರೆ ಈ ಮನುಷ್ಯ ಎತ್ತಿಕೊಂಡು ಓಡಿಹೋಗಲಿಲ್ಲ. ಹಾಡು ಹಬ್ಬಿದ ಮೇಲೆ ಜಪಾನಿನ ಯುವಕರೆಲ್ಲ ಒಕಿನಾವಾದ ವಾದ್ಯವಾದ ಸಾನ್‌ಶಿನ್ ಕಲಿಯಲು ಮುಗಿಬಿದ್ದರು. ಸಾನ್‌ಶಿನ್‌ಗೆ ಮೂರು ತಂತಿ, ಹೆಬ್ಬಾವಿನ ಚರ್ಮದ ಹೊದಿಕೆ, ಕರಿಮರದ ಹಿಡಿ. ಯುದ್ಧ ಮುಗಿದು ನಿರಾಶ್ರಿತರ ಶಿಬಿರಗಳಲ್ಲಿದ್ದಾಗ ಜನರು ಅಮೆರಿಕನ್ನರು ಎಸೆದ ಖಾಲಿ ಡಬ್ಬಿಗೆ ಧುಮುಕುಕೊಡೆಯ ದಾರ ಕಟ್ಟಿ ಇದೇ ವಾದ್ಯ ಮಾಡಿಕೊಂಡಿದ್ದರು. ಅಷ್ಟು ಹಚ್ಚಿಕೊಂಡಿದ್ದ ವಾದ್ಯವದು. ಹಿಡಿಗೆ ಶ್ರೇಷ್ಠವಾದದ್ದು ಅವರು ‘ಕುರುಚಿ’ ಎನ್ನುವ ಮರ. ನಮ್ಮ ಬೀಡಿ ಎಲೆಯ ತೂಪ್ರದ ಬಳಗಕ್ಕೆ ಸೇರಿದ್ದು. ಅದು ಬಲಿಯಲು ನೂರು ವರ್ಷ ಬೇಕು. ಬೇಡಿಕೆ ಏರಿ ದ್ವೀಪದಲ್ಲಿ ಆ ಮರವೇ ಸಿಗದಂತಾಯಿತು. ಅದಕ್ಕೆ ತನ್ನ ಹಾಡೂ ಕಾರಣವೆಂದು ಮಿಯಾಜಾವಾ ಮನಗಂಡರು. 2012ರಿಂದ ಯೊಮಿತಾನ್ ಊರಿನವರೊಂದಿಗೆ ಕುರುಚಿ ಸಸಿ ನೆಟ್ಟು, ವರ್ಷವರ್ಷವೂ ಹೋಗಿ ಕಳೆ ಕೀಳುತ್ತಾ ಬಂದಿದ್ದಾರೆ. ನೂರು ವರ್ಷದ ಯೋಜನೆಯೆಂದೇ ಅದಕ್ಕೆ ಹೆಸರು. ಆ ಮರದಿಂದ ಮಾಡಿದ ಸಾನ್‌ಶಿನ್ ಅನ್ನು ಅವರಂತೂ ನೋಡಲಾರರು. ಕಳೆ ಕೀಳುವುದೆಂದರೇನೆಂದು ಬಲ್ಲ ನನಗೆ, ಅವರ ಮೇಲೆ ನಂಬಿಕೆ ಬಂದದ್ದು ಹಾಡು ಕೇಳಿದಾಗಲ್ಲ, ಇದನ್ನು ಓದಿದಾಗ.

ಹಾಡು ಜಪಾನನ್ನೂ ದಾಟಿತು. ಅರ್ಜೆಂಟೀನಾದ ಹಾಸ್ಯನಟ ಮತ್ತು ಗಾಯಕ ಆಲ್ಫ್ರೆಡೊ ಕಾಸೆರೊ ಅದನ್ನು ಜಪಾನಿ ಭಾಷೆಯಲ್ಲಿಯೇ ಹಾಡಿದರು. ಆ ದೇಶಕ್ಕೆ ವಲಸೆ ಹೋದ ಜಪಾನೀಯರಲ್ಲಿ ದೊಡ್ಡ ಪಾಲು ಒಕಿನಾವಾ ಮೂಲದವರೇ. 2002ರಲ್ಲಿ ಜಪಾನ್ ಮತ್ತು ಕೊರಿಯಾದಲ್ಲಿ ವಿಶ್ವಕಪ್ ಫುಟ್‌ಬಾಲ್ ನಡೆದಾಗ ಆ ಹಾಡು ಅರ್ಜೆಂಟೀನಾದಲ್ಲಿ ತಂಡದ ಅಭಿಮಾನಿಗಳ ಹಾಡಾಗಿ ಮೆರೆಯಿತು. ಒಂದಕ್ಷರವೂ ಅರ್ಥವಾಗದೆ ಹಾಡಿದವರಲ್ಲಿ ನಾನು ಮೊದಲಿಗನಲ್ಲವೆಂದು ತಿಳಿದು ತುಸು ಸಮಾಧಾನವಾಯಿತು. ‘ದಿ ಬೂಮ್’ ತಂಡ 2014ರ ಡಿಸೆಂಬರಿನಲ್ಲಿ ವಿಸರ್ಜನೆಗೊಂಡಿತು. ಹಿಮೆಯುರಿಯ ಅಜ್ಜಿಯರು ವಯಸ್ಸಿನ ಕಾರಣದಿಂದ 2015ರಲ್ಲಿ ಸಂಗ್ರಹಾಲಯದಲ್ಲಿ ಮಾತನಾಡುವುದನ್ನು ನಿಲ್ಲಿಸಿದರು. ಹಾಡು ಮಾತ್ರ ನಡೆದೇ ಇದೆ.

ಓದುಗರೇ, ಇಲ್ಲಿಯವರೆಗೆ ಬರೆದದ್ದನ್ನು ಬೇರೆಯವರೂ ಬರೆಯಬಹುದಿತ್ತು. ನಾನೇ ಬರೆಯಲು ಕೂತದ್ದಕ್ಕೆ ಬೇರೊಂದು ಕಾರಣವಿದೆ.

ಒಕಿನಾವಾದ ದಕ್ಷಿಣ ತುದಿಯ ಮಾಬುನಿ ಎಂಬಲ್ಲಿ 1995ರ ಜೂನ್ 23ರಂದು ಅನಾವರಣಗೊಂಡ ಸ್ಮಾರಕವೊಂದಿದೆ. ಸಾಲುಸಾಲು ಕಪ್ಪು ಕಲ್ಲುಗಳ ಮೇಲೆ ಯುದ್ಧದಲ್ಲಿ ಸತ್ತವರ ಹೆಸರುಗಳು: ಒಕಿನಾವಾದವರು, ಉಳಿದ ಜಪಾನಿನವರು, ಅಮೆರಿಕನ್ನರು, ಬ್ರಿಟಿಷರು, ಕೊರಿಯನ್ನರು, ತೈವಾನಿನವರು, ಮಿತ್ರ-ಶತ್ರು ಎಂಬ ಭೇದವಿಲ್ಲದೆ 2,40,000ಕ್ಕೂ ಹೆಚ್ಚು ಹೆಸರುಗಳು. ಹೆಸರಿಡುವ ಮೊದಲೇ ಸತ್ತ, ಅಥವಾ ಹೆಸರು ಹೇಳಲು ಯಾರೂ ಉಳಿಯದ ಕೂಸುಗಳೂ ಅದರಲ್ಲಿವೆ. ಅವರಿಗೆ ‘ಇಂಥವರ ಮಗು’ ಎಂದಷ್ಟೇ ಕೆತ್ತಿದ್ದಾರೆ. ಮಗಳು ಅದನ್ನು ಓದಿ ಹೇಳಿದಾಗ ನನಗೆ ನಮ್ಮ ಅಮ್ಮನ ಹಾಡು ನೆನಪಾಯಿತು.

ನಮ್ಮ ಅಮ್ಮ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ಯುತ್ತಿದ್ದರು. ಕೊಯ್ಯುವಾಗ ಹಾಡುತ್ತಿದ್ದ ಹಾಡುಗಳಲ್ಲಿ ಒಂದು ತೊಟ್ಟಿಲ ಹಾಡಿನ ಧಾಟಿಯದು. ಅದರಲ್ಲಿ ಒಂದು ಹೆಣ್ಣುಮಗುವಿನ ಹೆಸರು ಮತ್ತೆ ಮತ್ತೆ ಬರುತ್ತಿತ್ತು. ನಮ್ಮ ಬಳಗದಲ್ಲಿ ಆ ಹೆಸರಿನವರು ಯಾರೂ ಇರಲಿಲ್ಲ. ಮಕ್ಕಳಾದ ನಾವು ಆ ಹೆಸರನ್ನು ಎಳೆದೆಳೆದು ಅಣಕಿಸಿ ಹಾಡಿ ನಗುತ್ತಿದ್ದೆವು, ಅಮ್ಮ ಗದರಿಸುತ್ತಿರಲಿಲ್ಲ. ದೊಡ್ಡವನಾಗಿ ಹಾರ್ಮೋನಿಯಂ ಕಲಿತ ಮೇಲೆ ನಾನು ಆ ಧಾಟಿಯನ್ನು ಸಭೆಗಳಲ್ಲಿ ನುಡಿಸಿ ಚಪ್ಪಾಳೆ ಗಿಟ್ಟಿಸಿಕೊಂಡದ್ದೂ ಉಂಟು. ‘ಅಮ್ಮಾ, ಆ ಮಗು ಯಾರು?’ ಎಂದು ಒಂದು ದಿನವೂ ಕೇಳಲಿಲ್ಲ. 2009ರಲ್ಲಿ ಅಮ್ಮ ತೀರಿಕೊಂಡರು. ತಿಂಗಳ ಪೂಜೆಗೆ ಬಂದಿದ್ದ ಚಿಕ್ಕಮ್ಮ ಊಟ ಬಡಿಸುತ್ತಾ ಹೀಗೇ ಮಾತಿನ ನಡುವೆ, “ನಮ್ಮಿಬ್ಬರ ನಡುವಿನದು ಒಂದು ಹೆಣ್ಣು ಇತ್ತಲ್ಲ, ಅದರದ್ದು ಆ ಹಾಡು” ಎಂದರು. ನಾಲ್ಕೈದು ವರ್ಷದ ಕೂಸು. ಮಲೆನಾಡಿನ ಚಳಿಜ್ವರ. ಯುದ್ಧದ ಕಾಲ, ಗುಳಿಗೆ ಸಿಗಲಿಲ್ಲವಂತೆ. ಅಕ್ಕನಾದ ನಮ್ಮ ಅಮ್ಮನೇ ಅದನ್ನು ಎತ್ತಿ ಆಡಿಸುತ್ತಿದ್ದವರು. ಹೂತ ಜಾಗ ಎಲ್ಲಿಯೆಂದು ಕೂಡ ಈಗ ಯಾರಿಗೂ ತಿಳಿಯದು. ಆ ದಿನ ನಾನು ‘ಓಹೋ’ ಎಂದು ಊಟ ಮುಂದುವರಿಸಿದೆ. ಮನೆ ತುಂಬಾ ನೆಂಟರು, ಮಾಡಬೇಕಾದ ಕೆಲಸಗಳು. ಆ ಮಾತು ಅಲ್ಲಿಗೇ ಮರೆತುಹೋಯಿತು.

ಗುಳಿಗೆ ಏಕೆ ಸಿಗಲಿಲ್ಲವೆಂಬುದೂ ನನಗೆ ಈ ಜಪಾನಿ ಹಾಡಿನ ಬೆನ್ನು ಹತ್ತಿದಾಗಲೇ ತಿಳಿದದ್ದು. ಚಳಿಜ್ವರಕ್ಕೆ ಅಂದಿನ ಮದ್ದು ಕ್ವಿನೈನ್. ಲೋಕಕ್ಕೆ ಬೇಕಾದ ಕ್ವಿನೈನಿನ ಬಹುಪಾಲು ಬರುತ್ತಿದ್ದುದು ಜಾವಾ ದ್ವೀಪದ ಸಿಂಕೋನಾ ತೋಟಗಳಿಂದ. 1942ರಲ್ಲಿ ಜಪಾನ್ ಸೇನೆ ಜಾವಾವನ್ನು ಹಿಡಿಯಿತು, ಸರಬರಾಜು ನಿಂತಿತು. ಇದ್ದಬದ್ದ ಮಾತ್ರೆ ಮೊದಲು ಸೈನಿಕರಿಗೆ. ಅದೇ ಯುದ್ಧ, ಓದುಗರೇ. ಒಕಿನಾವಾದ ಹುಡುಗಿಯರನ್ನು ಗುಹೆಗೆ ತಳ್ಳಿದ ಯುದ್ಧವೇ ನಮ್ಮ ಮಲೆನಾಡಿನ ಎಸ್ಟೇಟ್ ಲೈನಿಗೂ ಬಂದು ಹೋಗಿತ್ತು. ನಾನು ಅದರ ಹಾಡನ್ನು ನುಡಿಸಿ ಚಪ್ಪಾಳೆ ಪಡೆದಿದ್ದೆ.

ಮಿಯಾಜಾವಾಗೆ ತಮ್ಮ ಮೇಲೆ ಬಂದ ಸಿಟ್ಟು ಎಂಥದೆಂದು ನನಗೆ ಈಗ ಸ್ವಲ್ಪ ತಿಳಿಯುತ್ತದೆ. ಅವರಿಗಾದರೆ ಕೇಳಿಸಿಕೊಳ್ಳಲು ಒಬ್ಬ ಅಜ್ಜಿ ಎದುರಿಗಿದ್ದರು.

ಕಳೆದ ಮೇ ತಿಂಗಳಲ್ಲಿ ಮಗಳನ್ನು ಕರೆದುಕೊಂಡು ಚಿಕ್ಕಮ್ಮನ ಮನೆಗೆ ಹೋದೆ. ಅವರಿಗೆ ಎಂಬತ್ತು ದಾಟಿದೆ, ಕಿವಿ ಮಂದ. ಆ ಅಕ್ಕನ ಮುಖ ಅವರಿಗೂ ನೆನಪಿಲ್ಲ. ಆಗ ಅವರೇ ಮಡಿಲ ಕೂಸು. ಹಾಡು ಮಾತ್ರ ಗೊತ್ತು. “ಇಷ್ಟು ವರ್ಷ ಇಲ್ಲದ್ದು ಈಗ್ಯಾಕೋ ನಿನಗೆ?” ಎಂದು ನನ್ನನ್ನೇ ಗದರಿದರು. ಮಗಳು ಅವರ ಕಿವಿಯ ಬಳಿ ಕೂತು, “ಅಜ್ಜಿ, ನನಗೆ ಹೇಳಿಕೊಡಿ” ಎಂದಳು. ಎಲೆ ಅಡಿಕೆ ಪಕ್ಕಕ್ಕಿಟ್ಟು ಹಾಡತೊಡಗಿದರು. ಹೆಸರು ಬರುವ ಜಾಗದಲ್ಲಿ ದನಿ ನಡುಗಲಿಲ್ಲ. ಸ್ವಲ್ಪ ಜೋರಾಯಿತು, ಅಂಗಳದಲ್ಲಿ ಆಡುತ್ತಿರುವ ಮಗುವನ್ನು ಒಳಗೆ ಕರೆಯುವಾಗ ಆಗುವಂತೆ. ಮಗಳು ಅದನ್ನು ಫೋನಿನಲ್ಲಿ ಮುದ್ರಿಸಿಕೊಂಡಳು. ಎರಡು ಚರಣಗಳು ಸಿಕ್ಕಿವೆ. ಮೂರನೆಯದೂ ಇತ್ತೆಂದು ನನ್ನ ನೆನಪು. ಇರಲಿಲ್ಲವೆಂದು ಚಿಕ್ಕಮ್ಮ ಖಂಡಿತವಾಗಿ ಹೇಳುತ್ತಾರೆ.